ಹಕ್ಕಿ ಕಾಣುವ ಕಿವಿ



ಯುಗಾದಿ ಹತ್ತಿರ ಬಂದಿದೆ. ಹೊಂಗೆ ಹೊಸ ಎಲೆ ಹೊತ್ತು ನಿಂತಿದೆ, ಮಾವಿನಲ್ಲಿ ಮಿಡಿ ಕಾಣುತ್ತಿದೆ. ಈ ದಿನಗಳಲ್ಲಿ ಬೆಳಗಿನ ಜಾವ, ಇನ್ನೂ ಕತ್ತಲೆ ಇರುವಾಗಲೇ, ನಿಮ್ಮ ಮನೆಯ ಹತ್ತಿರದ ಯಾವುದೋ ಮರದ ತುದಿಯಿಂದ ಅಥವಾ ವಿದ್ಯುತ್ ತಂತಿಯ ಮೇಲಿನಿಂದ ಒಂದು ಹಕ್ಕಿ ಹಾಡುವುದು ಕೇಳಿಸುತ್ತಿರಬೇಕು. ಒಂದೇ ಸ್ವರವಲ್ಲ, ಏರಿಳಿತವಿರುವ, ನಡುನಡುವೆ ತಡೆದು ಮತ್ತೆ ಬೇರೆ ರೀತಿ ಶುರುವಾಗುವ ಸಿಳ್ಳೆ. ಅದು ಮಡಿವಾಳ ಹಕ್ಕಿ. ಗಂಡಿಗೆ ಮೈಯೆಲ್ಲ ಹೊಳೆಯುವ ಕಪ್ಪು, ಹೊಟ್ಟೆ ಮತ್ತು ರೆಕ್ಕೆಯ ಪಟ್ಟೆ ಬಿಳಿ. ಹೆಣ್ಣಿಗೆ ಕಪ್ಪಿನ ಜಾಗದಲ್ಲಿ ಬೂದು ಬಣ್ಣ. ಬಾಲವನ್ನು ಬೆನ್ನಿನ ಮೇಲೆ ನೆಟ್ಟಗೆ ಎತ್ತಿ ನಿಲ್ಲುವುದು ಇದರ ಠೀವಿ. ಕರ್ನಾಟಕದ ಬಹುತೇಕ ಊರುಗಳಲ್ಲಿ, ಒಂದಿಷ್ಟು ಮರಗಿಡ ಇರುವ ಕಡೆಯೆಲ್ಲ ಇದು ಇದೆ. ಆದರೂ ಇದರ ಹಾಡನ್ನು ದಿನವೂ ಕೇಳುತ್ತಿದ್ದು, ಹಾಡುತ್ತಿರುವವರು ಯಾರು ಎಂದು ಎಂದೂ ಎದ್ದು ನೋಡದವರು ನಮ್ಮಲ್ಲಿ ತುಂಬ ಜನ.

ಹಕ್ಕಿಗಳನ್ನು ಗುರುತಿಸಲು ಕಲಿಯಬೇಕೆಂಬ ಆಸೆಯಿರುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ಯಾವ ಬೈನಾಕ್ಯುಲರ್ ಕೊಳ್ಳಬೇಕು ಎಂದು. ಎರಡನೆಯದು, ಯಾವ ಕಾಡಿಗೆ ಹೋಗಬೇಕು ಎಂದು. ನನ್ನ ಅನುಭವದ ಮೇಲೆ ಹೇಳುವುದಾದರೆ ಈ ಎರಡು ಪ್ರಶ್ನೆಗಳೂ ಸ್ವಲ್ಪ ದಿನ ಕಾಯಬಹುದು. ಊರ ಹಕ್ಕಿಗಳನ್ನು ಕಲಿಯುವ ಕೆಲಸ ಕಿವಿಯಿಂದ ಶುರುವಾಗಬೇಕು. ಈ ಮಾತನ್ನು ಹೇಳುವುದಕ್ಕೆ ಬಾನುಲಿಗಿಂತ ತಕ್ಕ ಜಾಗ ಇನ್ನೊಂದಿಲ್ಲ, ಏಕೆಂದರೆ ನೀವು ಈಗಾಗಲೇ ಕಿವಿಗೊಟ್ಟು ಕುಳಿತಿದ್ದೀರಿ.

ಯೋಚಿಸಿ ನೋಡಿ, ಕಿವಿಯಲ್ಲಿ ನಿಮಗೆ ಈಗಾಗಲೇ ಗೊತ್ತಿರುವ ಹಕ್ಕಿಗಳು ಎಷ್ಟು! ಕಾಗೆ, ಕೋಗಿಲೆ, ಗಿಳಿ, ಗುಬ್ಬಿ, ಗೂಬೆ. ರಾತ್ರಿ ಹೊತ್ತು ಬಯಲಿನ ಮೇಲೆ ಗಾಬರಿಯಿಂದ ಕೂಗುತ್ತ ಹಾರುವ ಟಿಟ್ಟಿಭ. ಬೇಲಿಯೊಳಗಿನಿಂದ ಆಳವಾದ ಗಂಟಲಿನಲ್ಲಿ ಊಪ್, ಊಪ್, ಊಪ್ ಎನ್ನುವ ಕೆಂಬೂತ. ಹಿತ್ತಲಿನಲ್ಲಿ ತರಗೆಲೆ ಕೆದಕುತ್ತ ಒಟ್ಟಿಗೇ ಗದ್ದಲ ಮಾಡುವ ಹರಟೆಮಲ್ಲಗಳು. ಮಲೆನಾಡಿನವರಾದರೆ ಮಳೆಗಾಲದ ಬೆಳಗಿನಲ್ಲಿ ಹಳ್ಳದ ಕಡೆಯಿಂದ, ಯಾರೋ ಹುಡುಗ ತನ್ನಷ್ಟಕ್ಕೆ ಸಿಳ್ಳೆ ಹಾಕುತ್ತ ನಡೆದಂತೆ ಕೇಳುವ ಸಿಳ್ಳಾರದ ಹಾಡೂ ನಿಮಗೆ ಪರಿಚಯ. ಇಷ್ಟು ಬಂಡವಾಳ ಇದ್ದವರು ಸೊನ್ನೆಯಿಂದ ಆರಂಭಿಸುತ್ತಿಲ್ಲ.

ಹಕ್ಕಿಯ ದನಿಯಲ್ಲಿ ಎರಡು ಬಗೆ ಇವೆ. ಒಂದು ಹಾಡು, ಇನ್ನೊಂದು ಕರೆ. ಹಾಡು ಬಹುಪಾಲು ಗಂಡು ಹಕ್ಕಿಯದು, ಬಹುಪಾಲು ಗೂಡು ಕಟ್ಟುವ ಕಾಲದ್ದು. ಈ ಜಾಗ ನನ್ನದು ಎಂದು ಪಕ್ಕದ ಗಂಡಿಗೆ ಹೇಳುವುದು ಅದರ ಒಂದು ಕೆಲಸ, ಹೆಣ್ಣನ್ನು ಕರೆಯುವುದು ಇನ್ನೊಂದು. ಕರೆ ಹಾಗಲ್ಲ. ಅದು ಚಿಕ್ಕದು, ವರ್ಷವಿಡೀ ಇರುವಂಥದು, ಗಂಡು ಹೆಣ್ಣು ಎರಡೂ ಬಳಸುವಂಥದು. ಬೆಕ್ಕು ಬಂತು, ಗಿಡುಗ ಬಂತು, ನಾನು ಇಲ್ಲಿದ್ದೇನೆ, ನೀನೆಲ್ಲಿ ಎಂಬಂಥ ದಿನಬಳಕೆಯ ಮಾತು ಅದು. ಇಷ್ಟು ತಿಳಿದರೆ ಒಂದು ಗೊಂದಲ ತಪ್ಪುತ್ತದೆ. ಮಾರ್ಚಿನಿಂದ ಜೂನಿನವರೆಗೆ ಗಂಟೆಗಟ್ಟಲೆ ಹಾಡುವ ಮಡಿವಾಳ ಹಕ್ಕಿ ನವೆಂಬರಿನಲ್ಲಿ ಎಲ್ಲಿ ಹೋಯಿತು ಎಂದು ಕೇಳುವವರಿದ್ದಾರೆ. ಅದು ಎಲ್ಲಿಗೂ ಹೋಗಿಲ್ಲ. ಅದೇ ತೋಟದಲ್ಲಿ, ನೆಲಕ್ಕಿಳಿದು ಹುಳ ಹೆಕ್ಕುತ್ತ ಇದೆ. ಹಾಡು ನಿಂತಿದೆ, ಒರಟಾದ ಒಂದು ಚಿಕ್ಕ ಕರೆ ಮಾತ್ರ ಉಳಿದಿದೆ.

ಬೆಳಗಿನ ಜಾವವೇ ಏಕೆ ಇಷ್ಟು ಹಾಡು? ಆ ಹೊತ್ತಿನಲ್ಲಿ ಗಾಳಿ ನಿಂತಿರುತ್ತದೆ, ಗದ್ದಲ ಕಡಿಮೆ, ದನಿ ದೂರ ಹೋಗುತ್ತದೆ. ಹುಳ ಹುಡುಕಲು ಇನ್ನೂ ಬೆಳಕು ಸಾಲದು, ಆದ್ದರಿಂದ ಹೊತ್ತು ಹಾಡಿಗೆ ಉಳಿಯುತ್ತದೆ. ಬೆಳಕು ಹೆಚ್ಚಿದಂತೆ ಹಾಡುಗಾರರು ಸರದಿಯಲ್ಲಿ ಸೇರಿಕೊಳ್ಳುತ್ತಾರೆ. ನಾನಿರುವ ಮೈಸೂರಿನ ಬಡಾವಣೆಯಲ್ಲಿ ಮೊದಲು ಮಡಿವಾಳ ಹಕ್ಕಿ, ಅದರ ಬೆನ್ನಿಗೇ ಕೋಗಿಲೆ, ಆಮೇಲೆ ಕುಟ್ರು ಹಕ್ಕಿ, ಬೆಳಕು ಹರಿದ ಮೇಲೆ ಪಿಕಳಾರ, ಸೂರಕ್ಕಿ, ಟುವ್ವಿ. ನಿಮ್ಮ ಊರಿನಲ್ಲಿ ಈ ಸರದಿ ಬೇರೆ ಇರಬಹುದು. ಹಾಸಿಗೆಯಲ್ಲಿ ಮಲಗಿದ್ದೇ ಅದನ್ನು ಗುರುತು ಮಾಡಿಕೊಳ್ಳಬಹುದು.

ಕೋಗಿಲೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡೋಣ. ಕನ್ನಡಿಗರು ಅದರ ಬಗ್ಗೆ ಕೇಳಿದಷ್ಟು ಇನ್ನಾವ ಹಕ್ಕಿಯ ಬಗ್ಗೆಯೂ ಕೇಳಿಲ್ಲ, ಆದರೆ ಅದನ್ನು ಕಣ್ಣಾರೆ ಕಂಡವರು ಎಷ್ಟು ಜನ? ಅದು ಎಲೆ ದಟ್ಟವಾಗಿರುವ ಮರದೊಳಗೆ ಕೂರುತ್ತದೆ, ಬಯಲಿಗೆ ಬರುವುದು ಅಪರೂಪ. ಕುಹೂ ಕುಹೂ ಎಂದು ಏರುತ್ತ ಹೋಗುವ ದನಿ ಗಂಡಿನದು. ಗಂಡು ಹೊಳೆಯುವ ಕಪ್ಪು, ಕಣ್ಣು ಕೆಂಪು, ಕೊಕ್ಕು ಮಾಸಲು ಹಸಿರು. ಹೆಣ್ಣು ಕಂದು, ಮೈತುಂಬ ಬಿಳಿಯ ಚುಕ್ಕೆ, ಬಾಲದಲ್ಲಿ ಅಡ್ಡಪಟ್ಟೆ. ಹೆಣ್ಣಿನ ದನಿಯಲ್ಲಿ ಕುಹೂ ಇಲ್ಲ. ಕಿಕ್ ಕಿಕ್ ಕಿಕ್ ಎಂದು ಅವಸರದಲ್ಲಿ ಕೂಗುತ್ತ ಒಂದು ಮರದಿಂದ ಇನ್ನೊಂದಕ್ಕೆ ಹಾರುತ್ತದೆ. ಆ ದನಿ ಕೇಳಿದಾಗ ತಲೆಯೆತ್ತಿ ನೋಡಿ, ಹಿಂದೆಯೇ ಒಂದೆರಡು ಕಾಗೆಗಳು ಅಟ್ಟಿಸಿಕೊಂಡು ಬರುತ್ತಿರಬಹುದು. ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಕಾಗೆ ಗೂಡು ಕಟ್ಟುವ ಕಾಲ, ಕೋಗಿಲೆ ಹಾಡುವ ಕಾಲ ಎರಡೂ ಒಂದೇ ಆಗಿರುವುದು ಅದಕ್ಕಾಗಿ. ನಾವು ವಸಂತದ ಹಾಡು ಎಂದುಕೊಂಡದ್ದನ್ನು ಕಾಗೆ ಎಷ್ಟು ಆತಂಕದಿಂದ ಕೇಳಿಸಿಕೊಳ್ಳುತ್ತದೆ ಎಂಬುದನ್ನು, ಒಂದು ಗೂಡಿರುವ ಮರದ ಕೆಳಗೆ ಅರ್ಧ ಗಂಟೆ ಕೂತರೆ ಕಾಣಬಹುದು. ಮಳೆ ಹಿಡಿದ ಮೇಲೆ ಕೋಗಿಲೆಯ ಮರಿ ಕಾಗೆಯ ಹಿಂದೆ ಹಿಂದೆ ಹೋಗಿ ಬಾಯಿ ತೆರೆದು ಗೋಗರೆಯುತ್ತದೆ, ಕಾಗೆ ತುತ್ತು ಕೊಡುತ್ತದೆ. ಇದನ್ನು ನೋಡಲು ಯಾವ ಅಭಯಾರಣ್ಯಕ್ಕೂ ಟಿಕೆಟ್ ತೆಗೆಸಬೇಕಿಲ್ಲ. ಬಸ್ ನಿಲ್ದಾಣದ ಮರ ಸಾಕು.

ಬಿಸಿಲೇರಿದ ಮೇಲೂ ನಿಲ್ಲದ ಒಂದು ದನಿ ಇದೆ. ಟುಕ್, ಟುಕ್, ಟುಕ್ ಎಂದು ಕಂಚುಗಾರ ಪಾತ್ರೆಯ ಮೇಲೆ ಸಣ್ಣ ಸುತ್ತಿಗೆ ಆಡಿಸಿದ ಹಾಗೆ, ತಾಳ ತಪ್ಪದೆ. ಕಂಚುಕುಟಿಗ ಎಂದು ಅದಕ್ಕೆ ಹೆಸರು. ಗುಬ್ಬಿಗಿಂತ ಒಂಚೂರು ದೊಡ್ಡದು, ದುಂಡು ಮೈ, ಹಸಿರು ಬಣ್ಣ. ಹಣೆಯ ಮೇಲೆ, ಎದೆಯ ಮೇಲೆ ಕಡುಗೆಂಪು. ಇದನ್ನು ಹುಡುಕುವುದು ಕಷ್ಟ, ಏಕೆಂದರೆ ಕೂಗುವಾಗ ತಲೆಯನ್ನು ಅತ್ತ ಇತ್ತ ತಿರುಗಿಸುತ್ತಿರುತ್ತದೆ. ಒಮ್ಮೆ ಹತ್ತಿರ ಕೇಳಿಸಿದ ದನಿ ಮರುಕ್ಷಣ ದೂರ ಸರಿದಂತೆ ತೋರುತ್ತದೆ. ಕೂಗುವಾಗ ಕೊಕ್ಕನ್ನೂ ತೆರೆಯುವುದಿಲ್ಲ. ಆದ್ದರಿಂದ ದನಿಯ ಬೆನ್ನು ಹತ್ತುವುದಕ್ಕಿಂತ ಹತ್ತಿರದ ಆಲ, ಅತ್ತಿ, ಬಸರಿ ಯಾವುದು ಹಣ್ಣು ಬಿಟ್ಟಿದೆ ನೋಡಿ, ಅಲ್ಲಿ ಕಾಯಿರಿ. ಇದು ಹಣ್ಣು ತಿನ್ನುವ ಹಕ್ಕಿ. ಒಣಗಿದ ಕೊಂಬೆಯಲ್ಲಿ ತಾನೇ ದುಂಡಗೆ ಪೊಟರೆ ಕೊರೆದು ಮರಿ ಮಾಡುತ್ತದೆ. ಒಣ ಕೊಂಬೆ ಅಂದಗೆಡಿಸುತ್ತದೆಂದು ಕಡಿಸಿಹಾಕುವವರು ಈ ಮಾತನ್ನು ದಯವಿಟ್ಟು ನೆನಪಿಡಬೇಕು. ಯಾರ ತಲೆಯ ಮೇಲೂ ಬೀಳುವ ಅಪಾಯವಿಲ್ಲದಿದ್ದರೆ ಅದನ್ನು ಹಾಗೇ ಬಿಡಿ.

ಟುವ್ವಿಯದು ಕಂಚುಕುಟಿಗಕ್ಕೆ ತದ್ವಿರುದ್ಧ. ಹೆಬ್ಬೆರಳಿನಷ್ಟು ಹಕ್ಕಿ, ಬೀದಿಗೆಲ್ಲ ಕೇಳುವ ಗಂಟಲು. ಟುವ್ವಿ ಟುವ್ವಿ ಟುವ್ವಿ ಎಂದು ದಾಸವಾಳದ ಗಿಡದಿಂದ ಕೂಗುತ್ತಿದ್ದರೆ ಮನುಷ್ಯರ ಎತ್ತರದಲ್ಲೇ ಹುಡುಕಿ. ಬೆನ್ನು ಹಸಿರು, ನೆತ್ತಿ ಇಟ್ಟಿಗೆ ಬಣ್ಣ, ಬಾಲ ಮೇಲಕ್ಕೆ. ಕೂಗುವಾಗ ಕತ್ತಿನ ಎರಡೂ ಪಕ್ಕದಲ್ಲಿ ಕಪ್ಪು ಮಚ್ಚೆ ತೋರಿ ಮರೆಯಾಗುತ್ತದೆ. ಅದು ನಿಜವಾದ ಮಚ್ಚೆಯಲ್ಲ, ಗಂಟಲು ಉಬ್ಬಿದಾಗ ಗರಿಗಳ ಕಪ್ಪು ಬುಡ ಕಾಣುವುದು. ಅಗಲವಾದ ಎಲೆಯ ಅಂಚುಗಳನ್ನು ಸೇರಿಸಿ, ಕೊಕ್ಕಿನಿಂದ ತೂತು ಮಾಡಿ, ಹತ್ತಿಯ ಎಳೆ, ಜೇಡನ ನೂಲು ತೂರಿಸಿ ಹೊಲಿದು, ಒಳಗೆ ಮೆತ್ತೆ ಹಾಕಿ ಗೂಡು ಮಾಡುತ್ತದೆ. ಹೊಲಿದ ಎಲೆ ಗಿಡದಲ್ಲೇ ಹಸಿರಾಗಿ ಇರುವುದರಿಂದ ಗೂಡು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಿವಿಯ ಪಾಠದಲ್ಲಿ ಇನ್ನೊಂದು ಮೆಟ್ಟಿಲಿದೆ, ನನಗೆ ಬಲು ಇಷ್ಟವಾದದ್ದು. ಒಂದು ಹಕ್ಕಿಯ ದನಿ ಇನ್ನೊಂದು ಪ್ರಾಣಿಯನ್ನು ತೋರಿಸಿಕೊಡುತ್ತದೆ. ಕಾಗೆಗಳೆಲ್ಲ ಒಂದು ಮರದ ಸುತ್ತ ಸೇರಿ ಅರಚುತ್ತಿದ್ದರೆ ಆ ಮರದಲ್ಲಿ ಗೂಬೆಯೋ ಗಿಡುಗವೋ ಇರುವ ಸಾಧ್ಯತೆ ಬಹಳ. ಪಿಕಳಾರ, ಟುವ್ವಿ, ಸೂರಕ್ಕಿ ಎಲ್ಲ ಒಂದೇ ಪೊದೆಯ ಕಡೆ ಮುಖ ಮಾಡಿ ಬೈಯುತ್ತಿದ್ದರೆ ಒಳಗೆ ಹಾವೋ ಬೆಕ್ಕೋ ಕೆಂಬೂತವೋ ಇದೆ. ಬಯಲಿನಲ್ಲಿ ಟಿಟ್ಟಿಭ ತಲೆಯ ಮೇಲೆಯೇ ಸುತ್ತು ಹಾಕುತ್ತ ಕೂಗಿದರೆ ನಿಮ್ಮ ಕಾಲಿನ ಹತ್ತಿರ ಎಲ್ಲೋ ಅದರ ಮೊಟ್ಟೆಗಳಿವೆ, ಬರಿಯ ನೆಲದ ಮೇಲೆ, ಸುತ್ತಲಿನ ಕಲ್ಲುಗಳ ಬಣ್ಣದಲ್ಲೇ. ಆಗ ಹುಡುಕಲು ಹೋಗದೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಬೇಕು. ಆದರೆ ಕಿವಿಗೆ ಮೋಸವಾಗುವುದೂ ಉಂಟು. ಕಾಜಾಣ ಶಿಕ್ರಾ ಗಿಡುಗದ ದನಿಯನ್ನು ಅನುಕರಿಸುತ್ತದೆ. ಕಾಡಿನಲ್ಲಿ ಅದರ ನೆಂಟ ಭೀಮರಾಜ ಅಂತೂ ಹತ್ತಾರು ಹಕ್ಕಿಗಳ ದನಿಯನ್ನು ಒಂದರ ಹಿಂದೆ ಒಂದು ಹೊರಡಿಸುತ್ತದೆ.

ಇನ್ನು ಕಿವಿ ಸೋಲುವ ಜಾಗಕ್ಕೆ ಬರೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಈ ತಿಂಗಳು ಹೋದರೆ, ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮರಿಗಳ ಜೊತೆ ಇರುತ್ತವೆ. ಕೆಳಗೆ ಜನ ರಾಗಿ ಹಸನು ಮಾಡುತ್ತಿರುತ್ತಾರೆ, ದನ ಕಟ್ಟುತ್ತಿರುತ್ತಾರೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂಬ ನಂಬಿಕೆಯ ಮೇಲೆ ತಲೆಮಾರುಗಳಿಂದ ನಡೆದುಬಂದ ಸಹಬಾಳ್ವೆ ಅದು. ಹಿಕ್ಕೆ ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಅಲ್ಲಿ ಕೇಳುವ ಗದ್ದಲವೆಲ್ಲ ಬಹುಮಟ್ಟಿಗೆ ಮರಿಗಳದು. ದೊಡ್ಡ ಕೊಕ್ಕರೆಗೆ ಕೂಗು ಇಲ್ಲವೆಂದೇ ಹೇಳಬೇಕು, ಗೂಡಿನಲ್ಲಿ ಕೊಕ್ಕನ್ನು ಕೊಕ್ಕಿಗೆ ಬಡಿದು ಚಟಚಟ ಸದ್ದು ಮಾಡುತ್ತದೆ, ಅಷ್ಟೇ. ಆಕಾಶದಲ್ಲಿ ಬಹಳ ಎತ್ತರಕ್ಕೆ ಸುಳಿಯುವ ಹದ್ದು, ಕೆರೆಯ ನಡುವೆ ಮುಳುಗೇಳುವ ನೀರುಕಾಗೆ, ಗದ್ದೆಯ ಬದುವಿನ ಬೆಳ್ಳಕ್ಕಿ, ಇವುಗಳಿಗೂ ಕಣ್ಣೇ ಬೇಕು.

ಕಣ್ಣು ಮೊದಲು ಬಣ್ಣಕ್ಕೆ ಹೋಗುತ್ತದೆ. ಅದನ್ನು ತಡೆಯಿರಿ. ಬೆಳಕು ಹಿಂದಿನಿಂದ ಬಂದರೆ ಹಸಿರು ಗಿಳಿಯೂ ಕಪ್ಪೇ. ಮೊದಲು ಗಾತ್ರ ನೋಡಿ. ಸಲೀಂ ಅಲಿಯವರು 1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಸರಳ ಅಳತೆ ಬಳಸಿದರು. ಗುಬ್ಬಿಯಷ್ಟು, ಪಿಕಳಾರದಷ್ಟು, ಗೊರವಂಕದಷ್ಟು, ಕಾಗೆಯಷ್ಟು, ಹದ್ದಿನಷ್ಟು ಎಂದು. ಇಂಚು, ಸೆಂಟಿಮೀಟರ್ ಯಾರ ಕಣ್ಣಿಗೂ ನಿಲುಕುವುದಿಲ್ಲ, ಕಾಗೆ ಎಲ್ಲರಿಗೂ ನಿಲುಕುತ್ತದೆ. ಗಾತ್ರದ ನಂತರ ಕೊಕ್ಕು, ಬಾಲ, ಕೂರುವ ಭಂಗಿ, ಹಾರುವ ರೀತಿ. ಹದ್ದು ಮತ್ತು ಗರುಡ ಎರಡೂ ಮೇಲೆ ಸುತ್ತುತ್ತಿದ್ದರೆ ಬಾಲ ನೋಡಿ. ಹದ್ದಿನ ಬಾಲದ ತುದಿ ಕವಲಾಗಿ ಒಳಕ್ಕೆ ಸೀಳಿರುತ್ತದೆ, ಗರುಡನ ಬಾಲ ದುಂಡಗೆ. ಬಿಳಿ ತಲೆ, ಕಾವಿ ಮೈ ಆಮೇಲೆ ನೋಡಿಕೊಳ್ಳಬಹುದು. ದನದ ಜೊತೆ ಓಡಾಡುವ ಗೋವಕ್ಕಿಯ ಕೊಕ್ಕು ಹಳದಿ. ನೀರಂಚಿನ ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲು ಕಪ್ಪು, ಬೆರಳು ಮಾತ್ರ ಹಳದಿ. ಅದು ಕೆಸರಿನಿಂದ ಕಾಲೆತ್ತುವವರೆಗೆ ಕಾದರೆ ಸಂಶಯ ಉಳಿಯುವುದಿಲ್ಲ. ಕೊಳದ ಬಕ ದಡದಲ್ಲಿ ಕೂತಾಗ ಮಣ್ಣಿನ ಬಣ್ಣದಲ್ಲಿ ಕರಗಿಹೋಗಿರುತ್ತದೆ, ಎದ್ದು ಹಾರಿದ ಕೂಡಲೇ ರೆಕ್ಕೆ ಅಚ್ಚ ಬಿಳಿ. ಈ ಒಂದು ಕ್ಷಣವನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ.

ಎಲ್ಲಿ ಕೂತಿದೆ, ಏನು ಮಾಡುತ್ತಿದೆ ಎಂಬುದು ಬಣ್ಣಕ್ಕಿಂತ ದೊಡ್ಡ ಗುರುತು. ತಂತಿಯಿಂದ ಹಾರಿ ಗಾಳಿಯಲ್ಲೇ ಹುಳ ಹಿಡಿದು ಅದೇ ಜಾಗಕ್ಕೆ ಮರಳುವುದು ಕಾಜಾಣ ಅಥವಾ ಕಳ್ಳಿಪೀರ. ಕಪ್ಪಾಗಿ, ಬಾಲ ಉದ್ದಕ್ಕೆ ಕವಲಾಗಿದ್ದರೆ ಕಾಜಾಣ. ಹಸಿರಾಗಿ, ಬಾಲದ ನಡುವಿನ ಗರಿ ಸೂಜಿಯಂತೆ ಚಾಚಿದ್ದರೆ ಕಳ್ಳಿಪೀರ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ನೆಟ್ಟಗೆ ಕೆಳಕ್ಕೆ ಬೀಳುವುದು ಕಪ್ಪು ಬಿಳುಪು ಮಿಂಚುಳ್ಳಿ. ಮಿಂಚುಳ್ಳಿ ಎಂದರೆ ನೀರಿನ ಹಕ್ಕಿ ಎಂದುಕೊಂಡವರಿಗೆ ಗದ್ದೆ ಮಿಂಚುಳ್ಳಿ ಬೆರಗು ಹುಟ್ಟಿಸುತ್ತದೆ. ಬಿಳಿ ಎದೆ, ಕೆಂಪು ದಪ್ಪ ಕೊಕ್ಕು, ನೀಲಿ ಬೆನ್ನಿನ ಈ ಹಕ್ಕಿ ಕೆರೆಯಿಂದ ದೂರ, ಊರ ನಡುವಿನ ಕಂಬದ ಮೇಲೆ ಕೂತು ಮಿಡತೆ, ಓತಿಕ್ಯಾತ ಹಿಡಿದು ಬದುಕಬಲ್ಲದು.

ಸಲೀಂ ಅಲಿಯವರ ಹೆಸರು ಬಂತು. ನಮ್ಮ ನಾಡಿಗೆ ಅವರ ಋಣ ದೊಡ್ಡದು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದವರು ಅವರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಆ ಜಾಗವನ್ನು ಕಾಪಾಡಬೇಕೆಂದು ಮಹಾರಾಜರ ಸರ್ಕಾರಕ್ಕೆ ಹೇಳಿದರು. ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಕನ್ನಡದಲ್ಲಿ ಈ ಆಸೆಯನ್ನು ಮನೆಮನೆಗೆ ಹಂಚಿದವರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ತೋಟದಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಾಗಿ ದಿನಗಟ್ಟಲೆ ಕಾದವರು ಅವರು. ಅವರ ‘ಹಕ್ಕಿ ಪುಕ್ಕ’ ಓದಿ ಬೈನಾಕ್ಯುಲರ್ ಹಿಡಿದ ಕನ್ನಡಿಗರ ಸಂಖ್ಯೆ ಸಣ್ಣದಲ್ಲ.

ಬೈನಾಕ್ಯುಲರ್ ವಿಷಯವನ್ನೂ ಮುಗಿಸಿಬಿಡೋಣ. ಅದರ ಮೇಲೆ 8 ಗುಣಿಲೆ 40 ಎಂದೋ 10 ಗುಣಿಲೆ 50 ಎಂದೋ ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹೊಸಬರಿಗೆ 8 ಸಾಕು, ಅದೇ ಒಳ್ಳೆಯದು. ಹೆಚ್ಚು ಪಟ್ಟು ಎಂದರೆ ಕೈ ನಡುಕವೂ ಅಷ್ಟೇ ಹೆಚ್ಚಾಗಿ ಕಾಣುತ್ತದೆ, ಕಾಣುವ ಜಾಗವೂ ಕಿರಿದು. ಇನ್ನು ಮೊಬೈಲಿನ ಆ್ಯಪ್‌ಗಳು. ಮರ್ಲಿನ್ ಎಂಬ ಆ್ಯಪ್ ಹಕ್ಕಿಯ ದನಿ ಕೇಳಿಸಿಕೊಂಡು ಹೆಸರು ಸೂಚಿಸುತ್ತದೆ. ಅದನ್ನು ಬಳಸಬೇಡಿ ಎಂದು ನಾನು ಹೇಳುವುದಿಲ್ಲ, ಬಹಳ ಜನರಿಗೆ ಅದರಿಂದ ಉಪಕಾರವಾಗಿದೆ. ಒಂದು ಮಾತು ಮಾತ್ರ. ಅದು ಹೆಸರು ಹೇಳಿದ ಮೇಲೆ ಆ ಹಕ್ಕಿಯನ್ನು ಕಣ್ಣಿನಿಂದ ಕಂಡೇ ತೀರುತ್ತೇನೆ ಎಂದು ಹಟ ಹಿಡಿಯಿರಿ. ಪರದೆಯ ಮೇಲೆ ಓದಿದ ಹೆಸರು ಸಂಜೆಗೆ ಮರೆತುಹೋಗುತ್ತದೆ, ಇಪ್ಪತ್ತು ನಿಮಿಷ ಕತ್ತು ನೋಯಿಸಿಕೊಂಡು ಕಂಡ ಕಂಚುಕುಟಿಗ ಮರೆಯುವುದಿಲ್ಲ.

ಮೊಬೈಲಿನಿಂದ ಹಕ್ಕಿಯ ಹಾಡನ್ನು ಜೋರಾಗಿ ನುಡಿಸಿ ಅದನ್ನು ಹೊರಗೆ ಕರೆಯುವ ಅಭ್ಯಾಸ ಈಗ ಹರಡಿದೆ. ಇದನ್ನು ನಾನು ಖಂಡಿತವಾಗಿ ಒಪ್ಪುವುದಿಲ್ಲ. ಆ ಗಂಡು ಹಕ್ಕಿಗೆ ಅದು ತನ್ನ ಜಾಗಕ್ಕೆ ನುಗ್ಗಿದ ಎದುರಾಳಿ. ಗೂಡಿನಲ್ಲಿ ಮರಿಗಳಿಗೆ ಹುಳ ತರಬೇಕಾದ ಹೊತ್ತಿನಲ್ಲಿ ಇಲ್ಲದ ಶತ್ರುವನ್ನು ಓಡಿಸಲು ಅದು ಕೊಂಬೆಯಿಂದ ಕೊಂಬೆಗೆ ಹಾರಿ ದಣಿಯುತ್ತದೆ. ಒಂದು ಫೋಟೊಗಾಗಿ ಅದಕ್ಕೆ ಈ ಹಿಂಸೆ ಬೇಡ. ಗೂಡಿನ ಹತ್ತಿರ ಹೋಗಿ ಎಲೆ ಸರಿಸುವುದೂ ಬೇಡ. ನಾವು ನೋಡುವುದನ್ನು ಕಾಗೆ ನೋಡುತ್ತಿರುತ್ತದೆ, ನಾವು ಹೋದ ಮೇಲೆ ಅದು ಬರುತ್ತದೆ.

ಎಲ್ಲಿ ನೋಡಬೇಕು ಎಂಬುದಕ್ಕೆ ನನ್ನ ಉತ್ತರ, ಒಂದೇ ಜಾಗ, ವರ್ಷವಿಡೀ. ಅದು ಕೆರೆ ಏರಿಯಾಗಲಿ, ಶಾಲೆಯ ಮೈದಾನವಾಗಲಿ, ಮಹಡಿಯ ಮೇಲಿನ ತಾರಸಿಯಾಗಲಿ. ನನ್ನ ಜಾಗ ಮೈಸೂರಿನ ಕುಕ್ಕರಹಳ್ಳಿ ಕೆರೆ. ಕುವೆಂಪು ಅವರು ನಡೆದಾಡುತ್ತಿದ್ದ ಏರಿ ಅದು. ಬೇಸಿಗೆಯಲ್ಲಿ ನೀರು ಇಳಿದು ಕೆಸರು ಕಂಡಾಗ ಬರುವ ಹಕ್ಕಿಗಳು ಬೇರೆ, ಮಳೆಗಾಲದಲ್ಲಿ ಜೊಂಡು ಬೆಳೆದಾಗ ಒಳಗೆ ಸೇರುವ ಹಕ್ಕಿಗಳು ಬೇರೆ. ಹಣೆಯ ಮೇಲೆ ಬಿಳಿ ನಾಮವಿರುವ ನಾಮದ ಕೋಳಿ, ಉದ್ದ ಬೆರಳಿನ ನೀಲಿ ಜಂಬುಕೋಳಿ, ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸುವ ಹಾವಕ್ಕಿ, ಇವೆಲ್ಲ ಅಲ್ಲಿ ನನ್ನ ನೆರೆಹೊರೆ. ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದಾಗ ಮಾತ್ರ ಹೊಸಬರು ಬಂದದ್ದು ಕಣ್ಣಿಗೆ ಬೀಳುತ್ತದೆ. ಕಾಡಿಗೆ ವರ್ಷಕ್ಕೊಮ್ಮೆ ಹೋಗಿಬರುವವರಿಗೆ ಈ ಸುಖ ಸಿಗುವುದಿಲ್ಲ.

ಹೊಸಬರು ಬಹಳ ದೂರದಿಂದಲೂ ಬರುತ್ತಾರೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ, ಮೈಸೂರು ಕಡೆಯ ಹದಿನಾರು ಎಂಬ ಕೆರೆಯಲ್ಲಿ ಇಳಿಯುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದವು. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿ ಕಂಡಿವೆ. ಆದರೆ ನನ್ನ ಮನಸ್ಸು ಇನ್ನೂ ಸಣ್ಣ ಪ್ರವಾಸಿಗಳ ಮೇಲೆ. ಸೆಪ್ಟೆಂಬರ್ ಬಂತೆಂದರೆ ಬೂದು ಕುಂಡೆಕುಸ್ಕ ಬರುತ್ತದೆ. ತೆಳುವಾದ ಮೈ, ಹಳದಿ ಬಾಲಬುಡ, ನಿಂತಲ್ಲಿ ನಿಲ್ಲದೆ ಮೇಲೆ ಕೆಳಗೆ ಆಡುವ ಉದ್ದ ಬಾಲ. ಮಲೆನಾಡಿನ ಹಳ್ಳದಲ್ಲಿ, ಕಾಫಿ ತೋಟದ ದಾರಿಯಲ್ಲಿ, ಕೆಲವೊಮ್ಮೆ ಊರಿನ ಚರಂಡಿಯ ಪಕ್ಕದಲ್ಲೂ ಅದು ಚಳಿಗಾಲ ಕಳೆಯುತ್ತದೆ. ಅದೇ ಹೊತ್ತಿಗೆ ಬೇಲಿಯೊಳಗಿನಿಂದ ಚಕ್, ಚಕ್ ಎಂಬ ಒಣ ಸದ್ದು ಕೇಳತೊಡಗುತ್ತದೆ. ಅದು ಉತ್ತರದ ದೇಶಗಳಿಂದ ಬಂದ ಉಲಿಯಕ್ಕಿ. ಕಂದು ಬಣ್ಣದ ಈ ಪುಟ್ಟ ಹಕ್ಕಿ ಕಣ್ಣಿಗೆ ಬೀಳುವುದೇ ಕಷ್ಟ. ಕಿವಿ ಇಲ್ಲದಿದ್ದರೆ ಅದು ಆರು ತಿಂಗಳು ನಮ್ಮ ಹಿತ್ತಲಲ್ಲಿದ್ದು ಹೋದದ್ದೇ ಗೊತ್ತಾಗುವುದಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಕಣ್ಣು ಮಂಜಾಗಿದೆ, ಹೊರಗೆ ಓಡಾಡುವುದು ಕಡಿಮೆ. ಅಡುಗೆಮನೆಯ ಕಿಟಕಿಯ ಪಕ್ಕ ಕೂತು ತರಕಾರಿ ಹೆಚ್ಚುವ ಹೊತ್ತಿನಲ್ಲಿ ಅವರು ಕೇಳಿಸಿಕೊಳ್ಳುವುದು ಎಷ್ಟೋ ಬೈನಾಕ್ಯುಲರ್ ಇರುವವರಿಗಿಂತ ಹೆಚ್ಚು. “ಬೇಲೀಲಿ ಚಕ್ ಚಕ್ ಅನ್ನೋದು ಈ ಸಲವೂ ಬಂತು ಕಣಪ್ಪ, ನವರಾತ್ರಿಗೆ ಮುಂಚೆಯೇ” ಎಂದು ಅವರು ನನಗೆ ಹೇಳಿದ್ದರು. ಆ ಹಕ್ಕಿಯ ಹೆಸರು ಅವರಿಗೆ ತಿಳಿಯದು. ಅದು ಬಂದ ಕಾಲ ಮಾತ್ರ ಖಚಿತವಾಗಿ ತಿಳಿದಿತ್ತು. ಕಾಲು ನೋವಿರುವವರು, ದೃಷ್ಟಿ ಇಲ್ಲದವರು, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತ ಹೊರಗೆ ಹೋಗಲಾಗದವರು, ನನ್ನ ಮಾತು ಕೇಳುತ್ತಿದ್ದರೆ ಇದು ನಿಮ್ಮದೂ ಆದ ಸುಖ ಎಂದು ಹೇಳಬೇಕೆನಿಸುತ್ತದೆ. ಕಿಟಕಿ ತೆರೆದರೆ ಸಾಕು.

ಕೇಳಿದ್ದನ್ನು, ಕಂಡದ್ದನ್ನು ಬರೆದಿಡುವ ಮಾತು ಉಳಿದಿದೆ. ಒಂದು ಸಾದಾ ನೋಟ್‌ಬುಕ್, ತಾರೀಖು, ಹೊತ್ತು, ಜಾಗ, ಹಕ್ಕಿ, ಏನು ಮಾಡುತ್ತಿತ್ತು, ಎಷ್ಟಿದ್ದವು. ಕಾಗೆಯನ್ನೂ ಬರೆಯಿರಿ, ಗೊರವಂಕವನ್ನೂ ಬರೆಯಿರಿ. ಸಾಮಾನ್ಯ ಹಕ್ಕಿಯನ್ನು ಯಾರೂ ಬರೆಯದೆ ಹೋದರೆ ಅದು ಕಡಿಮೆಯಾದಾಗ ಯಾರಿಗೂ ಗೊತ್ತಾಗುವುದಿಲ್ಲ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. 942 ಬಗೆಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ಅದಕ್ಕೆ ಆಧಾರ, ದೇಶದ ಸುಮಾರು 30,000 ಹವ್ಯಾಸಿಗಳು ಇ-ಬರ್ಡ್ ಎಂಬ ಕಡತಕ್ಕೆ ಸೇರಿಸಿದ ಮೂರು ಕೋಟಿಯಷ್ಟು ದಾಖಲೆಗಳು. ನಿಮ್ಮ ನಮ್ಮಂಥವರು ಬೆಳಗ್ಗೆ ಹದಿನೈದು ನಿಮಿಷ ನಿಂತು ಬರೆದ ಪಟ್ಟಿಗಳೇ ಅವು. ಆ ವರದಿಯಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಸಂಗತಿ ಇದೆ. ನಮ್ಮ ರಾಜ್ಯಪಕ್ಷಿ ನೀಲಕಂಠ, ಹೊಲದ ನಡುವಿನ ತಂತಿಯ ಮೇಲೆ ಕೂತು, ಹಾರಿದಾಗ ನೀಲಿ ರೆಕ್ಕೆ ಬಿಚ್ಚುವ ಆ ಹಕ್ಕಿ, ಶೇಕಡಾ 30ಕ್ಕೂ ಹೆಚ್ಚು ಕುಸಿದಿದೆ. ಇನ್ನೂ ಅದು ಕಾಣಸಿಗುತ್ತದೆ, ಆದ್ದರಿಂದಲೇ ಕಡಿಮೆಯಾದದ್ದು ಬರಿಗಣ್ಣಿಗೆ ತೋರಲಿಲ್ಲ. ಪಟ್ಟಿಗಳು ತೋರಿಸಿದವು.

ಬೇರೆಯವರ ಜೊತೆ ಸೇರಿ ಲೆಕ್ಕ ಹಾಕುವ ಸಂದರ್ಭಗಳೂ ಇವೆ. ಜನವರಿಯಲ್ಲಿ ನೀರುಹಕ್ಕಿಗಳ ಗಣತಿ, ಅದು 1987ರಿಂದ ನಡೆದುಬಂದಿದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿಗಳ ಎಣಿಕೆ, ಅದರಲ್ಲಿ ಭಾರತ 2013ರಿಂದ ಪಾಲ್ಗೊಳ್ಳುತ್ತಿದೆ. ಶಾಲೆಯ ಮೇಷ್ಟ್ರುಗಳು ಮಕ್ಕಳನ್ನು ಕರೆದುಕೊಂಡು ಇದಕ್ಕೆ ಸೇರಿದರೆ ನನಗೆ ಬಹಳ ಸಂತೋಷ. ಈ ವರ್ಷದವು ಮುಗಿದಿವೆ, ಮುಂದಿನ ವರ್ಷಕ್ಕೆ ಈಗಿನಿಂದ ಕಿವಿ ತಯಾರು ಮಾಡಿಕೊಳ್ಳಬಹುದು.

ಸದ್ಯಕ್ಕೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಚಳಿಗಾಲದ ಅತಿಥಿಗಳು ಈಗ ಹೊರಡುವ ಹೊತ್ತು. ಅವು ಬಂದ ದಿನ ಬರೆಯುವುದು ಸುಲಭ, ನಿನ್ನೆ ಇರಲಿಲ್ಲ, ಇಂದು ಇದೆ. ಹೋದ ದಿನ ಹಿಡಿಯುವುದು ಕಷ್ಟ, ಏಕೆಂದರೆ ಕೊನೆಯ ಸಲ ಕೇಳುತ್ತಿರುವಾಗ ಇದು ಕೊನೆಯದು ಎಂದು ಯಾರಿಗೂ ತಿಳಿಯದು. ಅದಕ್ಕೆ ಇರುವ ದಾರಿ ಒಂದೇ, ಕೇಳಿದ ಪ್ರತಿ ದಿನವೂ ಬರೆಯುವುದು. ಹಾಗಾಗಿ ನಾಳೆ ಬೆಳಗ್ಗೆ ನಿಮ್ಮ ಬೇಲಿಯಿಂದ ಚಕ್ ಎಂಬ ಸದ್ದು ಬಂದರೆ, ಹಳ್ಳದ ಕಲ್ಲಿನ ಮೇಲೆ ಆ ಹಳದಿ ಬಾಲಬುಡ ಕಂಡರೆ, ತಾರೀಖು ಹಾಕಿ. ನಾಡಿದ್ದು ಕಂಡರೆ ಮತ್ತೆ ಹಾಕಿ. ಏಪ್ರಿಲ್ ಕಳೆಯುವವರೆಗೆ ಹಾಕುತ್ತಿರಿ.